ಬಂಡಿಜಾಡಿನ ಚರಿತ್ರೆ: ಬಯಲುಸೀಮೆಯಲ್ಲಿ ಮನೆ ಹೊತ್ತು ನಡೆದವರು

(ಪಿಕರಿಂಗ್‌ನಲ್ಲಿ ಸೇರಿದ್ದ ನಮ್ಮ ಬಳಗದ ಕೂಟದಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೈದ್ಯನೊಬ್ಬನನ್ನು ವೇದಿಕೆಗೆ ಕರೆದರೆ ರಕ್ತದೊತ್ತಡ, ಮಧುಮೇಹ, ಮೊಣಕಾಲು ನೋವುಗಳ ವಿಚಾರವಾಗಿ ಉಪದೇಶ ಕೇಳಬೇಕಾದೀತೆಂಬ ಭೀತಿ ಸಭಿಕರಿಗೆ ಇರುವುದು ಸಹಜ. ಈ ಸಲ ನಮ್ಮ ಕಾರ್ಯದರ್ಶಿಗಳು ಆ ಶಿಕ್ಷೆಯಿಂದ ತಮ್ಮನ್ನು ಪಾರುಮಾಡಿದ್ದಾರೆ. "ಡಾಕ್ಟರೆ, ಚಳಿಗಾಲದಲ್ಲಿ ಟ್ರಕ್ಕಿನ ಮೇಲೊಂದು ಗೂಡು ಕಟ್ಟಿಕೊಂಡು ಮರುಭೂಮಿಗೆ ಹೋಗುತ್ತೀರಲ್ಲ, ಅದರ ವಿಚಾರ ಹೇಳಿ" ಎಂದು ಅವರು ಕೇಳಿದರು. ನಾನು ಒಪ್ಪಿದೆ; ಆದರೆ ಮಾತನ್ನು ನಮ್ಮ ಬಳ್ಳಾರಿ, ರಾಯಚೂರು, ಚಿತ್ರದುರ್ಗಗಳ ಕಡೆಗೆ ತಿರುಗಿಸಲು ಅನುಮತಿ ಬೇಡಿದೆ. ಚರಿತ್ರೆ ನನ್ನ ವೃತ್ತಿಯಲ್ಲ. ರೋಗಿಯ ಎದುರು ಕುಳಿತು ಅವನ ಪೂರ್ವವೃತ್ತಾಂತವನ್ನು ಕೇಳಿ ಬರೆದುಕೊಳ್ಳುವುದಷ್ಟೇ ನನಗೆ ಗೊತ್ತಿರುವ ಚರಿತ್ರೆ. ಇಂದಿನ ವಿಷಯಕ್ಕೆ ಅದು ಅಷ್ಟೇನೂ ಹೊರಗಿನ ವಿದ್ಯೆಯಲ್ಲವೆಂದು ಮುಂದೆ ತಮಗೇ ತೋರೀತು.

ಟ್ರಕ್ ಕ್ಯಾಂಪರ್ ಎಂಬುದನ್ನು ನೋಡದವರು ಇಲ್ಲಿ ಯಾರೂ ಇರಲಾರರು. ಪಿಕಪ್ ಟ್ರಕ್ಕಿನ ಬೆನ್ನ ಮೇಲೆ ಕೂಡಿಸಿದ ಚಿಕ್ಕದೊಂದು ಮನೆ. ಚಾಲಕನ ತಲೆಯ ಮೇಲ್ಭಾಗದಲ್ಲಿ ಹಾಸಿಗೆ, ಹಿಂದೆ ಒಲೆ, ನೀರಿನ ತೊಟ್ಟಿ, ಒಂದು ಮಡಿಸುವ ಮೇಜು. ಬೇರೆ ಗಾಡಿಯನ್ನು ಎಳೆದುಕೊಂಡು ಹೋಗುವ ಕಷ್ಟವಿಲ್ಲದ ಕಾರಣ ಡಾಂಬರು ಮುಗಿದ ಮೇಲೂ ಅದು ಮುಂದುವರಿಯಬಲ್ಲದು. ಅಮೆರಿಕದ ನೈಋತ್ಯ ಭಾಗದ ಮರುಭೂಮಿಗಳಲ್ಲಿ ಇಂಥ ವಾಹನಗಳಿಗಾಗಿಯೇ ಉಳಿದಿವೆಯೋ ಎನ್ನಿಸುವ ಹಳೆಯ ಮಣ್ಣುದಾರಿಗಳಿವೆ. ಅವುಗಳಲ್ಲಿ ಹೆಸರಾದದ್ದು ಕ್ಯಾಲಿಫೋರ್ನಿಯದ ಮೊಹಾವೆ ರಸ್ತೆ. ಕೊಲೊರಾಡೊ ನದಿಯಿಂದ ಪಶ್ಚಿಮಕ್ಕೆ ಸುಮಾರು 140 ಮೈಲಿ ಮರಳು, ಕಲ್ಲು, ಒಣಗಿದ ಸರೋವರದ ಉಪ್ಪುನೆಲಗಳನ್ನು ಹಾದುಹೋಗುವ ಈ ದಾರಿಯಲ್ಲಿ 1776ರಲ್ಲಿ ಗಾರ್ಸೆಸ್ ಎಂಬ ಸ್ಪೇನಿನ ಪಾದ್ರಿಯೂ, 1826ರಲ್ಲಿ ಜೆಡಿಡಾಯ ಸ್ಮಿತ್ ಎಂಬ ತುಪ್ಪಳದ ವ್ಯಾಪಾರಿಯೂ ನಡೆದರು. 1857ರಲ್ಲಿ ಎಡ್ವರ್ಡ್ ಬೀಲ್ ಎಂಬಾತ ಒಂಟೆಗಳ ಸಾಲನ್ನೇ ಈ ಸೀಮೆಗೆ ತಂದ. ರೈಲು ಬಂದ ಮೇಲೆ ಮರೆತುಹೋಗಿದ್ದ ಈ ದಾರಿಯನ್ನು ಡೆನ್ನಿಸ್ ಕೇಸ್‌ಬಿಯರ್ ಮತ್ತು ಅವರ ಸಂಗಡಿಗರು 1980ರ ದಶಕದಲ್ಲಿ ಮತ್ತೆ ಗುರುತಿಸಿ, ಕೈಪಿಡಿ ಬರೆದು, ಪ್ರವಾಸಿಗರಿಗೆ ತೆರೆದರು.

ಈ ರಸ್ತೆ ನೇರವಾಗಿಲ್ಲ. ನಕ್ಷೆಯಲ್ಲಿ ನೋಡಿದವರಿಗೆ ಅದು ಕುಡಿದವನು ನಡೆದಂತೆ ಕಾಣುತ್ತದೆ. ಆದರೆ ಪಾಯೂಟ್ ಚಿಲುಮೆ, ರಾಕ್ ಚಿಲುಮೆ, ಮಾರ್ಲ್ ಚಿಲುಮೆ ಎಂದು ನೀರಿನ ತಾಣಗಳನ್ನು ಒಂದೊಂದಾಗಿ ಗುರುತಿಸಿದರೆ ಅದರ ತರ್ಕ ತಿಳಿಯುತ್ತದೆ. ಬಿಸಿಲಿನಲ್ಲಿ ನಡೆಯುವ ಮನುಷ್ಯ ಗಂಟೆಗೆ ಒಂದು ಲೀಟರಿನಷ್ಟು ಬೆವರನ್ನು ಕಳೆದುಕೊಳ್ಳಬಲ್ಲ. ಆದ್ದರಿಂದ ದಾರಿ ನೀರಿನಿಂದ ನೀರಿಗೆ ಹೋಗಬೇಕೇ ಹೊರತು ಊರಿನಿಂದ ಊರಿಗಲ್ಲ. ಆ ಚಿಲುಮೆಗಳನ್ನು ಕಂಡುಹಿಡಿದವರು ಗಾರ್ಸೆಸನೂ ಅಲ್ಲ, ಸ್ಮಿತ್ತನೂ ಅಲ್ಲ. ಮೊಹಾವೆ ಜನ ಅವರಿಗೆ ದಾರಿ ತೋರಿಸಿದರು. ನಾವು ಕುಳಿತಿರುವ ಈ ಪಿಕರಿಂಗ್‌ನ ಪಶ್ಚಿಮದ ಅಂಚಿನಲ್ಲಿ ಹರಿಯುವ ರೂಜ್ ನದಿಯ ಮಾತೂ ಇದೇ. ಅದರ ಮುಖದ ಬಳಿ 17ನೆಯ ಶತಮಾನದಲ್ಲಿ ಸೆನೆಕಾ ಜನರ ಊರಿತ್ತು. ದೋಣಿಯನ್ನು ಹೆಗಲ ಮೇಲೆ ಹೊತ್ತು ಉತ್ತರದ ಸರೋವರಗಳಿಗೆ ಹೋಗುವ ಕಾಲುದಾರಿಯ ಒಂದು ಕವಲು ಅಲ್ಲಿಂದಲೇ ಹೊರಡುತ್ತಿತ್ತು. ಫ್ರೆಂಚರು ಅದನ್ನು ಕೇಳಿ ತಿಳಿದುಕೊಂಡರು.

ಈಗ ನಮ್ಮ ನಾಡಿಗೆ ಬರುತ್ತೇನೆ. ಶಾಸ್ತ್ರದ ಪ್ರಕಾರ ಕರ್ನಾಟಕದಲ್ಲಿ ಮರುಭೂಮಿ ಇಲ್ಲ. ವರ್ಷಕ್ಕೆ 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ನೆಲಕ್ಕೆ ಮಾತ್ರ ಆ ಹೆಸರು ಸಲ್ಲುತ್ತದೆ. ಬಳ್ಳಾರಿ, ಚಳ್ಳಕೆರೆಗಳಲ್ಲಿ 500 ಮಿಲಿಮೀಟರಿನ ಆಸುಪಾಸಿನ ಮಳೆಯುಂಟು. ಆದರೆ ಸಹ್ಯಾದ್ರಿಯ ಮಳೆನೆರಳಿನಲ್ಲಿ ಬಿದ್ದ ಈ ಸೀಮೆಯಲ್ಲಿ ಏಪ್ರಿಲ್ ತಿಂಗಳ ಮಧ್ಯಾಹ್ನ ಬರಿಯ ಬಂಡೆಗುಡ್ಡಗಳ ನಡುವೆ ನಿಂತವರು ಈ ಅಂಕಿಗಳ ವಿಚಾರವಾಗಿ ವಾದಕ್ಕೆ ಇಳಿಯಲಾರರು. ನಾನು ಬಳ್ಳಾರಿಯಲ್ಲಿ ವೈದ್ಯಕೀಯ ಓದಿದವನು. ಭಾನುವಾರಗಳಂದು ಬಾಡಿಗೆ ಸೈಕಲ್ ತೆಗೆದುಕೊಂಡು ಸಂಗನಕಲ್ಲಿನ ಕಡೆಗೆ ಹೋಗುತ್ತಿದ್ದೆವು. ಆ ಬಂಡೆಗಳ ಪರಿಚಯವಿದ್ದುದರಿಂದಲೇ ಎಷ್ಟೋ ವರ್ಷಗಳ ನಂತರ ಮೊಹಾವೆ ನೆಲ ನನಗೆ ಪರಕೀಯವೆನಿಸಲಿಲ್ಲ.

ಮನೆಯನ್ನೇ ಗಾಡಿಯ ಮೇಲೆ ಹೊತ್ತು ತಿರುಗುವುದು ಅಮೆರಿಕದವರ ಕಲ್ಪನೆಯೆಂದು ನಮ್ಮ ಮಕ್ಕಳು ತಿಳಿದಿದ್ದಾರೆ. ಹೂವಿನಹಡಗಲಿ ತಾಲ್ಲೂಕಿನ ಮೈಲಾರ ಜಾತ್ರೆಗೆ ಭಾರತ ಹುಣ್ಣಿಮೆಯ ಹೊತ್ತಿಗೆ ಬಂಡಿ ಕಟ್ಟಿಕೊಂಡು ಹೋದ ಮನೆತನದವರು ಈ ಸಭೆಯಲ್ಲಿ ಇದ್ದರೆ ಅವರಿಗೆ ಹೆಚ್ಚು ಹೇಳಬೇಕಾಗಿಲ್ಲ. ಕಮಾನು ಕಟ್ಟಿದ ಸವಾರಿ ಬಂಡಿ, ಒಳಗೆ ಹುಲ್ಲಿನ ಮೇಲೆ ಜಮಖಾನ, ಬುತ್ತಿಯಲ್ಲಿ ಸಜ್ಜೆರೊಟ್ಟಿ, ಶೇಂಗಾಪುಡಿ, ಹಿಂದೆ ಎತ್ತುಗಳಿಗೆ ಮೇವು, ಪಕ್ಕದಲ್ಲಿ ತೂಗುವ ನೀರಿನ ಬಿಂದಿಗೆ. ಸಂಜೆಗೆ ಹಳ್ಳದ ದಂಡೆಯಲ್ಲಿ ಕೊಳ್ಳು ಹರಿದು ಮೂರು ಕಲ್ಲು ಹೂಡಿದರೆ ಅದೇ ಅಡಿಗೆಮನೆ. ಹೆಂಗಸರು ಮಕ್ಕಳು ಬಂಡಿಯ ಒಳಗೆ, ಗಂಡಸರು ಬಂಡಿಯ ಕೆಳಗೆ. ಒಂದು ಸ್ನಾನಗೃಹವನ್ನು ಬಿಟ್ಟರೆ ನನ್ನ ಟ್ರಕ್ಕಿನಲ್ಲಿ ಅದಕ್ಕಿಂತ ಹೆಚ್ಚಿನದೇನೂ ಇಲ್ಲ.

ಜಾತ್ರೆಯ ಜನ ಹೋಗುತ್ತಿದ್ದ ಇದೇ ಬಂಡಿಜಾಡುಗಳಲ್ಲಿ ಬೇರೆ ಬೇರೆಯವರು ಬೇರೆ ಬೇರೆ ಉದ್ದೇಶಗಳಿಂದ ತಿರುಗಿದರು. ಲಂಬಾಣಿಗರು ಹೇರೆತ್ತುಗಳ ಮೇಲೆ ಉಪ್ಪು, ಧಾನ್ಯಗಳನ್ನು ಸಾಗಿಸಿದರು. 1791-92ರಲ್ಲಿ ಕಾರ್ನ್‌ವಾಲಿಸನ ಸೈನ್ಯ ಶ್ರೀರಂಗಪಟ್ಟಣದವರೆಗೆ ಹಸಿವಿನಿಂದ ಸಾಯದೆ ತಲುಪಿದ್ದು ಅವರ ಎತ್ತುಗಳಿಂದ. ಆಮೇಲೆ ಬಂದವರು ಡೇರೆಯ ಸಾಹೇಬರು. ಇವರ ಪಯಣದ ಕ್ರಮ ಹೀಗಿತ್ತು: ಅನುಕೂಲವಿದ್ದವರಿಗೆ ಎರಡು ಜೊತೆ ಡೇರೆಗಳು. ಒಂದರಲ್ಲಿ ಸಾಹೇಬ ಮಲಗಿರುವಾಗ ಇನ್ನೊಂದು ರಾತ್ರಿಯೇ ಎತ್ತಿನ ಬಂಡಿಯ ಮೇಲೆ ಮುಂದಿನ ಮೊಕ್ಕಾಮಿಗೆ ಹೊರಡುತ್ತಿತ್ತು. ನಸುಕಿನಲ್ಲಿ ಕುದುರೆಯೇರಿ ಹತ್ತು ಹನ್ನೆರಡು ಮೈಲಿ ಸವೆಸಿದರೆ ಅಲ್ಲಿ ಡೇರೆ, ಮೇಜು, ಕಾಫಿ ಎಲ್ಲವೂ ಸಿದ್ಧ. ಈ ಸೌಖ್ಯದ ಬೆಲೆಯನ್ನು ತೆತ್ತವರು ಹಳ್ಳಿಯವರು. ಸೌದೆ, ಹುಲ್ಲು, ಹಾಲು, ಕೋಳಿ, ಸಾಮಾನು ಹೊರುವ ಆಳು ಇವೆಲ್ಲವನ್ನೂ ಪಟೇಲ ಶಾನುಭೋಗರು ಒದಗಿಸಬೇಕಾಗಿತ್ತು. ಅದರಲ್ಲಿ ಬಹುಪಾಲು ಬಿಟ್ಟಿ. ಆ ಪ್ರವಾಸಕಥನಗಳನ್ನು ಓದುವಾಗ ಈ ಮಾತನ್ನು ನೆನಪಿನಲ್ಲಿಡದಿದ್ದರೆ ಅವು ಬರಿಯ ಸಾಹಸಕಥೆಗಳಾಗಿಬಿಡುತ್ತವೆ.

1799ರ ಮೇ ತಿಂಗಳಲ್ಲಿ ಟಿಪ್ಪು ಮಡಿದ. ಅದೇ 1799ರಲ್ಲಿ ಇಲ್ಲಿ ಆಸಾ ಡ್ಯಾನ್‌ಫರ್ತ್ ಎಂಬ ಗುತ್ತಿಗೆದಾರ, ಯಾರ್ಕ್ ಎಂದು ಕರೆಯುತ್ತಿದ್ದ ಟೊರಾಂಟೊದಿಂದ ಪೂರ್ವಕ್ಕೆ, ಈ ಪಿಕರಿಂಗ್ ಸೀಮೆಯನ್ನು ಹಾದು, ಕಾಡು ಕಡಿದು ರಸ್ತೆ ಮಾಡುವ ಕೆಲಸ ಹಿಡಿದ. 1800ರ ಕೊನೆಯಲ್ಲಿ ಅದು ಮುಗಿಯಿತು. ಅದೇ ವರ್ಷ ನಮ್ಮಲ್ಲಿ ಎರಡು ಡೇರೆಗಳ ಸಾಲು ಮೈಸೂರಿನ ಬಯಲಿನಲ್ಲಿ ಸಂಚರಿಸಿದವು. ಒಂದು ಡಾ. ಫ್ರಾನ್ಸಿಸ್ ಬುಕನನ್‌ನದು. ಎಡಿನ್‌ಬರೋದಲ್ಲಿ ವೈದ್ಯ ಪದವಿ ಪಡೆದ ಈತ ಗವರ್ನರ್ ಜನರಲ್ ವೆಲ್ಲೆಸ್ಲಿಯ ಅಪ್ಪಣೆಯಂತೆ 1800ರ ಏಪ್ರಿಲ್ 23ರಂದು ಮದರಾಸಿನಿಂದ ಹೊರಟು, ಮೈಸೂರು, ಮಲಬಾರು, ಕನ್ನಡ ಜಿಲ್ಲೆಗಳನ್ನು ಸುತ್ತಿ, ಘಟ್ಟ ಹತ್ತಿ ಚಿತ್ರದುರ್ಗ, ಹಿರಿಯೂರುಗಳ ಬಯಲಿಗೆ ಇಳಿದ. 1807ರಲ್ಲಿ ಮೂರು ಸಂಪುಟಗಳಾಗಿ ಪ್ರಕಟವಾದ ಆ ದಿನಚರಿ ನಮ್ಮ ಬೇಸಾಯ, ದನಕರು, ನೇಯ್ಗೆ, ಕಬ್ಬಿಣದ ಕುಲುಮೆಗಳ ವಿಚಾರಕ್ಕೆ ಇಂದಿಗೂ ಆಕರಗ್ರಂಥ. ಆದರೆ ಹಳ್ಳಿಗರು ತನಗೆ ನಿಜ ಹೇಳುವುದಿಲ್ಲವೆಂದು ಆತ ಪುಟಪುಟಕ್ಕೂ ಗೊಣಗುತ್ತಾನೆ. ಗೆದ್ದ ಸರ್ಕಾರದ ಕಡೆಯವನೊಬ್ಬ ಡೇರೆಯಿಂದ ಇಳಿದು ನಿನ್ನ ಹೊಲವೆಷ್ಟು, ಫಸಲೆಷ್ಟು ಎಂದು ಕೇಳಿದರೆ ನಿಜ ಹೇಳುವ ರೈತ ಯಾವ ದೇಶದಲ್ಲಿದ್ದಾನೆ? ಮೊದಲ ಭೇಟಿಯಲ್ಲೇ ಎಷ್ಟು ಕುಡಿಯುತ್ತೀಯೆಂದು ಕೇಳಿದ ವೈದ್ಯನಿಗೆ ಸಿಗುವ ಉತ್ತರವೇ ಬುಕನನ್‌ಗೂ ಸಿಕ್ಕಿತು.

ಇನ್ನೊಂದು ಡೇರೆ ಕರ್ನಲ್ ಕಾಲಿನ್ ಮೆಕೆಂಜಿಯದು. ಸ್ಕಾಟ್ಲೆಂಡಿನ ಉತ್ತರದ ದ್ವೀಪವೊಂದರಲ್ಲಿ ಹುಟ್ಟಿದ ಈತ ಹತ್ತು ವರ್ಷಗಳ ಕಾಲ ಮೈಸೂರು ಸೀಮೆಯನ್ನು ಅಳೆದ. ಜ್ವರದ ಬಾಧೆ ಎಷ್ಟಿತ್ತೆಂದರೆ ಮೋಜಣಿ ತಂಡಕ್ಕೆ ವೈದ್ಯನಾಗಿ 1804ರಲ್ಲಿ ಬಂದ ಜಾನ್ ಲೇಡನ್, ಕವಿಯೂ ಬಹುಭಾಷಾವಿದನೂ ಆಗಿದ್ದಾತ, ತಾನೇ ಮಲಗಿ ಮರುವರ್ಷ ಸಮುದ್ರದಾಚೆಗೆ ಹೋಗಬೇಕಾಯಿತು. ಮೆಕೆಂಜಿಗೆ ಈ ನೆಲದ ಭಾಷೆಗಳು ಬರುತ್ತಿರಲಿಲ್ಲ. ಆದರೆ ತನಗೆ ಬಾರದೆಂಬ ಅರಿವು ಆತನಿಗಿತ್ತು. ಇದು ಸಣ್ಣ ಗುಣವಲ್ಲ. ಏಲೂರಿನ ಕಾವಲಿ ವೆಂಕಟ ಬೋರಯ್ಯನವರನ್ನು ಆತ ಜೊತೆಗೆ ಇಟ್ಟುಕೊಂಡ. ಬೋರಯ್ಯನವರು ಡೇರೆಗಿಂತ ಮುಂದಾಗಿ ಹಳ್ಳಿಗೆ ಹೋಗಿ, ಶಾನುಭೋಗರ ಕಡತ ಬಿಚ್ಚಿಸಿ, ದೇವಸ್ಥಾನದ ಕಲ್ಲುಗಳನ್ನು ತೊಳೆಸಿ, ಮುದುಕರ ಬಾಯಿಂದ ಊರಿನ ಹಿನ್ನೆಲೆಯನ್ನು ಬರೆಸಿಕೊಳ್ಳುತ್ತಿದ್ದರು. 1803ರಲ್ಲಿ, ಇನ್ನೂ ತಾರುಣ್ಯದಲ್ಲೇ ಅವರು ತೀರಿಕೊಂಡಾಗ ತಮ್ಮಂದಿರಾದ ಲಕ್ಷ್ಮಯ್ಯ, ರಾಮಸ್ವಾಮಿ ಕೆಲಸ ಮುಂದುವರಿಸಿದರು. ಹಳಗನ್ನಡ ಶಾಸನಗಳ ಅಕ್ಷರ ಯಾರಿಗೂ ಕೂಡದೆ ನಿಂತಾಗ ಓದಿಕೊಟ್ಟವರು ಮಲೆಯೂರಿನ ಜೈನ ಪಂಡಿತ ಧರ್ಮಯ್ಯನವರು. ಆಧುನಿಕ ಕಾಲದ ಕನ್ನಡ ಶಾಸನಾಧ್ಯಯನಕ್ಕೆ ಪೀಠಿಕೆ ಬಿದ್ದದ್ದು ವಿಶ್ವವಿದ್ಯಾನಿಲಯದಲ್ಲಲ್ಲ, ಬಂಡಿ ನಿಲ್ಲಿಸಿದ ಮರದ ನೆರಳಿನಲ್ಲಿ. ಹೀಗೆ ಬರೆಸಿದ ಕೈಫಿಯತ್ತುಗಳು ಎರಡು ಶತಮಾನ ಬಹುಮಟ್ಟಿಗೆ ಕಟ್ಟಿನಲ್ಲೇ ಇದ್ದವು. ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ 1994ರಲ್ಲಿ "ಕರ್ನಾಟಕದ ಕೈಫಿಯತ್ತುಗಳು" ಎಂಬ ಬೃಹತ್ ಗ್ರಂಥವನ್ನು ಹೊರತಂದಿತು. ಇಂಥ ಪುಸ್ತಕ ನಮ್ಮ ಬಳಗದ ಗ್ರಂಥಭಂಡಾರದಲ್ಲಿ ಇರತಕ್ಕದ್ದು.

ಕೇಳಿ ತಿಳಿದುಕೊಂಡದ್ದರ ಫಲ ಎಲ್ಲಿಗೆ ಮುಟ್ಟೀತೆಂಬುದಕ್ಕೆ ಕೋಲಾರ ಸಾಕ್ಷಿ. 1802ರಲ್ಲಿ ಮೈಸೂರಿನ ಪೂರ್ವದ ಗಡಿಯನ್ನು ಗುರುತಿಸುತ್ತಿದ್ದ ಜಾನ್ ವಾರನ್, ಅಲ್ಲಿಯ ಜನ ಮಣ್ಣು ತೊಳೆದು ಚಿನ್ನ ತೆಗೆಯುತ್ತಾರೆಂಬ ಮಾತು ಕೇಳಿ, ಬಹುಮಾನದ ಆಸೆ ತೋರಿಸಿ ಅದನ್ನು ಕಣ್ಣಾರೆ ಕಂಡು ಬರೆದಿಟ್ಟ. ಸುಮಾರು ಎಪ್ಪತ್ತು ವರ್ಷಗಳ ತರುವಾಯ ಬೆಂಗಳೂರಿನಲ್ಲಿ ನೆಲಸಿದ್ದ ಮೈಕೇಲ್ ಲವೆಲ್ ಎಂಬ ಐರಿಷ್ ನಿವೃತ್ತ ಸೈನಿಕ ಆ ವರದಿಯನ್ನು ಓದಿ, 1871ರಲ್ಲಿ ಎತ್ತಿನಬಂಡಿಯಲ್ಲಿ ಅರವತ್ತು ಮೈಲಿ ಪ್ರಯಾಣ ಮಾಡಿ ಕೋಲಾರ ಸೇರಿದ. 2001ರ ಫೆಬ್ರುವರಿಯಲ್ಲಿ ಮುಚ್ಚಿದ ಆ ಗಣಿಗಳ ಕತೆ ತಮಗೆಲ್ಲ ತಿಳಿದದ್ದೇ.

ನನ್ನ ಮನಸ್ಸಿಗೆ ಹೆಚ್ಚು ಹತ್ತಿರವಾದದ್ದು ಚಿನ್ನವಲ್ಲ, ಬೂದಿ.

ಬಳ್ಳಾರಿಯಿಂದ ಹೊಸಪೇಟೆಗೆ ಹೋಗುವ ದಾರಿಯಲ್ಲಿ ಕುಡತಿನಿಯ ಬಳಿ ಕಣಿವೆಯ ಬಾಯಲ್ಲಿ ಒಂದು ದಿಬ್ಬವಿದೆ. ಅಗೆದರೆ ಮಣ್ಣಲ್ಲ, ಬೂದಿ. ನಡುನಡುವೆ ಕರಗಿ ಗಾಜಿನಂತಾದ ಕಿಟ್ಟದ ಗಟ್ಟಿಗಳು. ತುಂಗಭದ್ರಾ, ಕೃಷ್ಣಾ, ಭೀಮಾ ನದಿಗಳ ನಡುವಣ ಒಣಸೀಮೆಯಲ್ಲಿ ಇಂಥ ಬೂದಿದಿಬ್ಬಗಳು ಹತ್ತಾರು ಇವೆ. ಮದರಾಸು ಸೈನ್ಯದ ಕ್ಯಾಪ್ಟನ್ ನ್ಯೂಬೋಲ್ಡ್ ಈ ಪ್ರಾಂತವನ್ನು ಸುತ್ತಿ 1843ರಲ್ಲಿ ಅವುಗಳ ವಿಚಾರವಾಗಿ ಲೇಖನ ಬರೆದ. ಊರಿನವರು ಆತನಿಗೆ ಹೇಳಿದ್ದು, ಇದು ಭೀಮಸೇನನು ಕೊಂದ ಹಿಡಿಂಬಾಸುರನನ್ನು ಸುಟ್ಟ ಬೂದಿಯೆಂದು. ವಿದ್ವಾಂಸರು ಹೇಳಿದ್ದೂ ಬೇರೆ ಬೇರೆ: ಯಜ್ಞದ ಬೂದಿ, ಜ್ವಾಲಾಮುಖಿಯ ಬೂದಿ, ಕುಲುಮೆಯ ಬೂದಿ, ಯುದ್ಧದ ನಂತರ ಸಹಗಮನ ಮಾಡಿದ ಹೆಂಗಸರ ಬೂದಿ. ಇವುಗಳಲ್ಲಿ ಕೆಲವನ್ನು ನೋಡಿದರೆ ಹಿಡಿಂಬಾಸುರನ ಕತೆಯೇ ವಾಸಿಯೆನ್ನಿಸುತ್ತದೆ.

ಈ ಒಗಟನ್ನು ಸರಿಯಾದ ತುದಿಯಿಂದ ಹಿಡಿದಾತ ರಾಬರ್ಟ್ ಬ್ರೂಸ್ ಫೂಟ್. 1834ರಲ್ಲಿ ಇಂಗ್ಲೆಂಡಿನ ಚೆಲ್ಟನ್‌ಹ್ಯಾಮ್‌ನಲ್ಲಿ ಹುಟ್ಟಿ, 1858ರಲ್ಲಿ ಭಾರತದ ಭೂವಿಜ್ಞಾನ ಇಲಾಖೆಗೆ ಸೇರಿದ ಈತ 1863ರ ಮೇ 30ರಂದು ಮದರಾಸಿನ ಬಳಿಯ ಪಲ್ಲಾವರದಲ್ಲಿ ಹಳೆಯ ಶಿಲಾಯುಗದ ಕೈಕೊಡಲಿಯನ್ನು ಗುರುತಿಸಿ ಭಾರತದ ಪ್ರಾಗಿತಿಹಾಸಕ್ಕೆ ಬಾಗಿಲು ತೆರೆದ. ಅಲ್ಲಿಂದ ಮುಂದೆ ದಶಕಗಳ ಕಾಲ ದಕ್ಷಿಣದ ಒಣನೆಲದಲ್ಲಿ ಡೇರೆ ಹೂಡಿ ತಿರುಗಿದ. ನಮ್ಮ ಬಂಡೆಗಳಿಗೆ "ಧಾರವಾಡ" ಎಂಬ ಹೆಸರು ಭೂವಿಜ್ಞಾನದಲ್ಲಿ ನೆಲೆಗೊಂಡದ್ದು ಈತನಿಂದ. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತ ಈತನ ಗ್ರಂಥ 1895ರಲ್ಲಿ ಬಂತು. ನಿವೃತ್ತಿಯ ನಂತರ ಮೈಸೂರು ಸಂಸ್ಥಾನದ ಭೂವಿಜ್ಞಾನಿಯಾಗಿಯೂ ದುಡಿದ. ಇಲಾಖೆಯ ಕೆಲಸ ಬಂಡೆಗಳನ್ನು ಗುರುತಿಸುವುದಾಗಿದ್ದರೂ, ದಾರಿಯಲ್ಲಿ ಸಿಕ್ಕ ಕಲ್ಲಿನ ಕೊಡಲಿ, ಮಡಕೆಯ ಚೂರು, ಮೂಳೆ, ಚಿಪ್ಪುಗಳನ್ನು ಊರು, ಜಾಗ ಬರೆದು ಬಂಡಿಯಲ್ಲಿ ತುಂಬಿಕೊಂಡು ಬರುವುದು ಈತನ ಹವ್ಯಾಸ. ಆ ಸಂಗ್ರಹವನ್ನು 1904ರಲ್ಲಿ ಮದರಾಸಿನ ಸರ್ಕಾರಿ ವಸ್ತುಸಂಗ್ರಹಾಲಯ ಕೊಂಡುಕೊಂಡಿತು. 1912ರಲ್ಲಿ ಫೂಟ್ ತೀರಿಕೊಂಡ ಮೇಲೆ ಅದರ ವಿವರಣಾಪಟ್ಟಿ ಅಚ್ಚಾಯಿತು. ರಜೆಯಲ್ಲಿ ಮರುಭೂಮಿಗೆ ಹೋಗಿ ಬಣ್ಣದ ಕಲ್ಲು ಆಯ್ದು ತಂದು ನೆಲಮಾಳಿಗೆಯಲ್ಲಿ ರಾಶಿ ಹಾಕುವ ನಮ್ಮಂಥವರಿಗೂ ಫೂಟನಿಗೂ ಇರುವ ಅಂತರ ಆ ಪಟ್ಟಿಯಲ್ಲಿದೆ: ಎಲ್ಲಿ ಸಿಕ್ಕಿತೆಂಬುದು ಬರೆಯದೆ ಉಳಿದರೆ ಕಲ್ಲು ಬರಿಯ ಕಲ್ಲೇ.

ಬೂದಿದಿಬ್ಬಗಳು ನವಶಿಲಾಯುಗದವು, ಅವುಗಳ ಬೂದಿ ಸೆಗಣಿಯದು ಎಂಬ ದಾರಿಗೆ ವಿಚಾರವನ್ನು ತಂದವರಲ್ಲಿ ಫೂಟ್ ಮುಖ್ಯ. ನಿಶ್ಚಯವಾದದ್ದು 1957ರಲ್ಲಿ, ರೇಮಂಡ್ ಆಲ್ಚಿನ್ ಅವರು ರಾಯಚೂರಿನಿಂದ ಬಹಳ ದೂರವಲ್ಲದ, ಇಂದಿನ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆದಾಗ. ಬೂದಿಯ ಪದರಗಳ ನಡುವೆ ಮರದ ಗೂಟಗಳ ಬೇಲಿಯ ಗುರುತುಗಳು. ಆ ಬೇಲಿಯೊಳಗೆ ದನಗಳ ಗೊರಸಿನ ಹೆಜ್ಜೆಗಳು, ನಿನ್ನೆ ಸಂಜೆ ದೊಡ್ಡಿಗೆ ಹೊಡೆದಂತೆ ಅಚ್ಚೊತ್ತಿ ನಿಂತಿದ್ದವು. ನಾಲ್ಕೈದು ಸಾವಿರ ವರ್ಷಗಳ ಹಿಂದೆ ಈ ಸೀಮೆಯ ಜನ ದನ ಕೂಡುತ್ತಿದ್ದ ದೊಡ್ಡಿಗಳಲ್ಲಿ ಸೆಗಣಿ ರಾಶಿಯಾಗಿ, ಕಾಲಕಾಲಕ್ಕೆ ಅದಕ್ಕೆ ಬೆಂಕಿ ಹಾಕಿ, ಅದರ ಮೇಲೆ ಮತ್ತೆ ದೊಡ್ಡಿ ಕಟ್ಟಿ, ಹೀಗೆ ದಿಬ್ಬ ಎದ್ದಿತು. ಸುಟ್ಟದ್ದೇಕೆ ಎಂಬ ಪ್ರಶ್ನೆಗೆ ಆಲ್ಚಿನ್ ನಮ್ಮ ಹಬ್ಬಗಳ ಕಡೆಗೆ ಕೈ ತೋರಿಸಿದರು. ಸಂಕ್ರಾಂತಿಯ ಸಂಜೆ ಎತ್ತುಗಳಿಗೆ ಕಿಚ್ಚು ಹಾಯಿಸುವುದನ್ನು ಮಂಡ್ಯ, ಮೈಸೂರಿನ ಕಡೆಯ ತಾವೆಲ್ಲ ಕಂಡಿದ್ದೀರಿ. ಋತು ತಿರುಗುವಾಗ, ಮಂದೆ ಹೊಸ ಮೇವಿಗೆ ಹೊರಡುವಾಗ ಹಾಕುತ್ತಿದ್ದ ಬೆಂಕಿಗೆ ಅದು ದೂರದ ನಂಟೆಂದು ಅವರು ಊಹಿಸಿದರು. ಎಲ್ಲರೂ ಇದನ್ನು ಒಪ್ಪಿಲ್ಲ. ಕೆ. ಪದ್ದಯ್ಯನವರು ಸುರಪುರ ಸೀಮೆಯ ಬೂದಿಹಾಳದಲ್ಲಿ ವರ್ಷಗಟ್ಟಲೆ ಅಗೆದು, ದೊಡ್ಡಿಯ ಪಕ್ಕದಲ್ಲೇ ಜನರ ವಸತಿಯೂ ಇದ್ದುದನ್ನು ತೋರಿಸಿದರು. ಬೂದಿಹಾಳ, ಬೂದಿಗುಂಟ ಎಂಬ ಊರ ಹೆಸರುಗಳು ಮಾತ್ರ ಪಂಡಿತರು ಬರುವ ಮೊದಲೇ ಇದ್ದವು.

ದನಗಳು ನಡೆದ ದಾರಿಯೇ ಮೊದಲ ದಾರಿ ಎಂಬ ನನ್ನ ನಂಬಿಕೆಗೆ ಈ ಗೊರಸಿನ ಹೆಜ್ಜೆಗಳಿಗಿಂತ ಬೇರೆ ಆಧಾರ ಬೇಡ. ಮಂದೆ ನೀರಿನಿಂದ ನೀರಿಗೆ ಹೋಗುತ್ತದೆ; ಹೇರೆತ್ತು ಮಂದೆಯ ಜಾಡು ಹಿಡಿಯುತ್ತದೆ; ಬಂಡಿ ಹೇರೆತ್ತಿನ ಜಾಡು.

ಆ ನೀರಿನ ವಿಚಾರವಾಗಿ ಒಂದು ಮಾತು ಹೇಳಿ ಮುಂದಕ್ಕೆ ಹೋಗುತ್ತೇನೆ, ವೈದ್ಯನ ಚಾಳಿ. ಈ ದಾರಿಗಳ ಮೆಟ್ಟಿಲು ಬಾವಿಗಳು ಪ್ರಯಾಣಿಕರಿಗೆ ಜೀವ ಕೊಟ್ಟಂತೆ ನಾರುಹುಣ್ಣನ್ನೂ ಕೊಟ್ಟವು. ನೀರಿಗೆ ಇಳಿದವನ ಕಾಲಿನ ಹುಣ್ಣಿನಿಂದ ಹುಳುವಿನ ಮರಿಗಳು ನೀರಿಗೆ, ನೀರಿನ ಸೂಕ್ಷ್ಮಜೀವಿಗೆ, ಅದನ್ನು ಕುಡಿದ ಮುಂದಿನ ಪ್ರಯಾಣಿಕನ ಹೊಟ್ಟೆಗೆ. ವರ್ಷದ ನಂತರ ಅವನ ಕಾಲಿನಲ್ಲಿ ಗಜದುದ್ದದ ದಾರದಂತೆ ಹೊರಗೆ. ದಿನಕ್ಕಿಷ್ಟೆಂದು ಕಡ್ಡಿಗೆ ಸುತ್ತಿ ಎಳೆಯುವುದೊಂದೇ ಚಿಕಿತ್ಸೆ. ನಾನು ವಿದ್ಯಾರ್ಥಿಯಾಗಿದ್ದಾಗ ಹಳ್ಳಿಗಳಿಂದ ಬರುತ್ತಿದ್ದ ಅಂಥ ಕೆಲವರನ್ನು ಕಂಡಿದ್ದೇನೆ. ಬಾವಿಗಳ ಮೆಟ್ಟಿಲು ಮುಚ್ಚಿ, ಬಟ್ಟೆಯಲ್ಲಿ ನೀರು ಸೋಸುವುದನ್ನು ಕಲಿಸಿ, ಔಷಧಿಯೂ ಲಸಿಕೆಯೂ ಇಲ್ಲದೆಯೇ ಈ ರೋಗವನ್ನು ಓಡಿಸಲಾಯಿತು. 2000ದಲ್ಲಿ ಭಾರತ ಅದರಿಂದ ಮುಕ್ತವೆಂದು ವಿಶ್ವ ಆರೋಗ್ಯ ಸಂಸ್ಥೆ ಘೋಷಿಸಿತು. ಅಮೆರಿಕದಲ್ಲಿ ತರಬೇತಿ ಪಡೆಯುವಾಗ ನನ್ನ ಹಿರಿಯ ವೈದ್ಯರಿಗೆ ಇದನ್ನು ವರ್ಣಿಸಿದರೆ ಅವರು ಪುರಾಣವೆಂದೇ ಭಾವಿಸಿದ್ದರು.

ಈ ಬಂಡಿಜಾಡುಗಳು ಮೂರು ಸರ್ಕಾರಗಳ ಗಡಿ ದಾಟುತ್ತಿದ್ದವು. ಬಳ್ಳಾರಿ 1953ರವರೆಗೆ ಮದರಾಸಿಗೆ, ರಾಯಚೂರು ನಿಜಾಮನಿಗೆ, ಮೊಳಕಾಲ್ಮೂರು ಮೈಸೂರಿಗೆ. ಸುರಪುರದಲ್ಲಿ 1841ರಿಂದ ನಿಜಾಮನ ಕಡೆಯ ಆಡಳಿತ ನೋಡಿಕೊಂಡ ಮೆಡೋಸ್ ಟೇಲರ್, ಜೇವರ್ಗಿ, ರಾಜನಕೋಳೂರುಗಳ ಕಲ್ಮನೆಗಳನ್ನು ಅಳೆದು ವರ್ಣಿಸಿದ. ಅವು ಮೋರ್ಯರೆಂಬ ಗಿಡ್ಡ ಜನರ ಮನೆಗಳೆಂದು ಆ ಭಾಗದವರು ಹೇಳುತ್ತಾರೆ. ಮೊಳಕಾಲ್ಮೂರಿನಲ್ಲಿ ಬಿ. ಎಲ್. ರೈಸ್ 1892ರಲ್ಲಿ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳ ಅಶೋಕ ಶಾಸನಗಳನ್ನು ಲೋಕಕ್ಕೆ ತಿಳಿಸಿದರು. ಬೆಂಗಳೂರಿನಲ್ಲೇ ಹುಟ್ಟಿ, ಕನ್ನಡವನ್ನು ನಮ್ಮಂತೆಯೇ ಆಡುತ್ತಿದ್ದ ರೈ‌ಸರ ವಿಚಾರ ಪ್ರತ್ಯೇಕ ಉಪನ್ಯಾಸಕ್ಕೆ ತಕ್ಕದ್ದು. ಇಲ್ಲಿಗೆ ಸಂಬಂಧಪಟ್ಟದ್ದು ಇಷ್ಟೆ: ಬ್ರಹ್ಮಗಿರಿಯ ಆ ಬಂಡೆಯನ್ನು ಊರಿನವರು ಮೊದಲಿನಿಂದಲೂ "ಅಕ್ಷರಗುಂಡು" ಎಂದೇ ಕರೆಯುತ್ತಿದ್ದರು, ಅದಕ್ಕೆ ರೋಗ ವಾಸಿಮಾಡುವ ಗುಣವಿದೆಯೆಂದು ನಂಬಿದ್ದರು. ಓದಲು ಬಾರದಿದ್ದರೂ ಅದು ಅಕ್ಷರವೆಂಬುದನ್ನು ಇಪ್ಪತ್ತೆರಡು ಶತಮಾನ ಮರೆಯದೆ ಉಳಿಸಿಕೊಂಡವರು ಅವರು. 1915ರಲ್ಲಿ ನಿಜಾಮನ ಸೀಮೆಯ ಮಸ್ಕಿಯಲ್ಲಿ ಚಿನ್ನದ ಜಾಡು ಹುಡುಕುತ್ತಿದ್ದ ಬೀಡನ್ ಎಂಬ ಇಂಜಿನಿಯರ್ ಇನ್ನೊಂದು ಬರೆಹ ಕಂಡ. ಅಲ್ಲಿಯವರೆಗೆ ಸಿಕ್ಕಿದ್ದ ಧರ್ಮಲಿಪಿಗಳಲ್ಲೆಲ್ಲ ದೊರೆಯ ಬಿರುದುಗಳಷ್ಟೇ ಇದ್ದವು. ಮಸ್ಕಿಯ ಬಂಡೆಯಲ್ಲಿ ಅಶೋಕನೆಂಬ ಹೆಸರೇ ಇತ್ತು.

ಈಗ ಆ ದಾರಿಗಳ ಸ್ಥಿತಿ ಏನು? ರಸ್ತೆ ಒಳ್ಳೆಯದಾದಷ್ಟೂ ದಾರಿಯ ಬದಿಯಲ್ಲಿದ್ದದ್ದು ಹೋಗುತ್ತಾ ಬಂದಿದೆ. ಬೂದಿದಿಬ್ಬಗಳ ಬೂದಿಯನ್ನು ಹೊಲಕ್ಕೆ ಗೊಬ್ಬರವಾಗಿ ಬಂಡಿಗಟ್ಟಲೆ, ಆಮೇಲೆ ಟ್ರ್ಯಾಕ್ಟರುಗಟ್ಟಲೆ ಸಾಗಿಸಿದ್ದಾರೆ. ಎಷ್ಟೋ ದಿಬ್ಬಗಳು ನೆಲಸಮವಾಗಿವೆ. ರೈತನನ್ನು ನಾನು ದೂರಲಾರೆ. ಅವನಿಗೆ ಅದು ಗೊಬ್ಬರವಲ್ಲದೆ ಬೇರೇನೆಂದು ಹೇಳಿದವರು ಯಾರು? ಚಳ್ಳಕೆರೆಯ ಬಳಿ ಅಮೃತಮಹಲ್ ದನಗಳ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು 2009ರಿಂದ ಈಚೆಗೆ ರಕ್ಷಣಾ, ಬಾಹ್ಯಾಕಾಶ, ಪರಮಾಣು ಸಂಸ್ಥೆಗಳಿಗೆ ಕೊಡಲಾಯಿತು. ಹೈದರನ ತೋಪುಗಳನ್ನು ಎಳೆದ ತಳಿಯ ಹುಲ್ಲುಗಾವಲಿಗೆ ಅಡ್ಡಲಾಗಿ ಗೋಡೆ ಎದ್ದಿತು. ಮಂದೆಯ ಜಾಡುಗಳು ಗೋಡೆಗೆ ಮುಟ್ಟಿ ನಿಂತವು. ಹಸಿರು ನ್ಯಾಯಾಧಿಕರಣದವರೆಗೆ ಹೋದವರು ಅಲ್ಲಿಯ ಕುರಿ ದನ ಸಾಕುವ ಹಳ್ಳಿಗಳ ಪರವಾದವರು. ದೇಶಕ್ಕೆ ಪ್ರಯೋಗಾಲಯ ಬೇಡವೆಂದು ಯಾರೂ ಹೇಳುವುದಿಲ್ಲ. ಯಾರನ್ನೂ ಕೇಳದೆ ಬರಡುಭೂಮಿಯೆಂದು ಬರೆದುಕೊಂಡರಲ್ಲ, ನನ್ನ ತಕರಾರು ಅದಕ್ಕೆ. ಬರಡೆಂಬುದು ಡಾಂಬರು ರಸ್ತೆಯಿಂದ ನೋಡಿದವನ ಮಾತು.

ಸಂಗನಕಲ್ಲು, ಕಪ್ಪಗಲ್ಲುಗಳ ಗುಡ್ಡಗಳದ್ದು ಎಲ್ಲಕ್ಕಿಂತ ದೊಡ್ಡ ಸಂಕಟ. ಬಳ್ಳಾರಿಯಿಂದ ಈಶಾನ್ಯಕ್ಕೆ ಕೆಲವೇ ಕಿಲೋಮೀಟರು. ನವಶಿಲಾಯುಗದ ಜನ ಕಲ್ಲುಕೊಡಲಿಗಳನ್ನು ರಾಶಿರಾಶಿಯಾಗಿ ತಯಾರಿಸುತ್ತಿದ್ದ ಕಾರ್ಖಾನೆಯೆಂದು ಫೂಟ್ ಗುರುತಿಸಿದ ಜಾಗ ಇದು. ಗುಡ್ಡದ ನೆತ್ತಿಯ ಕಪ್ಪು ಬಂಡೆಗಳ ಮೇಲೆ ಗೂಳಿಗಳ, ಮನುಷ್ಯರ ನೂರಾರು ಕೊರೆಚಿತ್ರಗಳಿವೆ. 1892ರಲ್ಲೇ ಇವುಗಳ ವಿಚಾರ ಲಂಡನ್ನಿಗೆ ತಲುಪಿತ್ತು. ಬಿ. ಸುಬ್ಬರಾವ್ ಅವರು 1940ರ ದಶಕದಲ್ಲಿ ಇಲ್ಲಿ ಅಗೆದರು. ಧಾರವಾಡದ ರವಿ ಕೋರಿಶೆಟ್ಟರ್, ನಿಕೋಲ್ ಬೋವಿನ್ ಮೊದಲಾದವರು 1990ರ ದಶಕದ ಕೊನೆಯಿಂದ ಮತ್ತೆ ಅಧ್ಯಯನಕ್ಕೆ ಇಳಿದರು. ಅಷ್ಟರಲ್ಲಿ ಕಲ್ಲು ಒಡೆಯುವವರು ಗುಡ್ಡದ ಬುಡದಿಂದ ಮೇಲಕ್ಕೆ ಬರುತ್ತಿದ್ದರು. ಒಡೆದ ಕಲ್ಲು ಹೋದದ್ದು ಜಲ್ಲಿಯಾಗಿ, ರಸ್ತೆಗಳಿಗೆ. 2004ರಲ್ಲಿ ಬೋವಿನ್ ಬರೆದ ಲೇಖನದಿಂದ ಹೊರದೇಶದ ಪತ್ರಿಕೆಗಳೂ ಸುದ್ದಿ ಮಾಡಿದವು. ಈಚಿನ ವರ್ಷಗಳಲ್ಲಿ ಬಳ್ಳಾರಿ ನಗರದಲ್ಲೇ ಸಂಗನಕಲ್ಲಿನ ಶೋಧಗಳಿಗಾಗಿ ಫೂಟನ ಹೆಸರಿನ ವಸ್ತುಸಂಗ್ರಹಾಲಯ ಸಿದ್ಧವಾಗಿದೆ. ಗುಡ್ಡ ಪೂರ್ತಿ ಉಳಿದಿದ್ದರೆ ಇನ್ನೂ ಚೆನ್ನಾಗಿತ್ತು.

ಈ ಡಿಸೆಂಬರಿನಲ್ಲಿ ಊರಿಗೆ ಹೋಗುವವರು ಹಂಪಿಗೆ ಹೋಗಿಯೇ ಹೋಗುತ್ತೀರಿ. ಒಂದು ದಿನ ಬಳ್ಳಾರಿಯಲ್ಲಿ ಇಳಿದುಕೊಂಡು ಮೊದಲು ಆ ಸಂಗ್ರಹಾಲಯ ನೋಡಿ, ಮರುದಿನ ಬೆಳಿಗ್ಗೆ ಬಿಸಿಲೇರುವ ಮೊದಲು ಗುಡ್ಡಕ್ಕೆ ಹೋಗಿರಿ. ನೀರು ತಲೆಗೆ ನಾಲ್ಕು ಲೀಟರು. ಗಟ್ಟಿ ಅಟ್ಟೆಯ ಪಾದರಕ್ಷೆ. ದಾರಿಗೆ ಕುರಿ ಕಾಯುವ ಹುಡುಗರನ್ನು ಕೇಳಿರಿ, ಅವರು ಕೈ ತೋರಿಸಿದ ಕಡೆಗೇ ಹೋಗಿರಿ. ನೆತ್ತಿಯ ಹತ್ತಿರ, ಮೈತುಂಬ ಬಟ್ಟಲಿನಂತೆ ಕುಳಿಬಿದ್ದ ಕಪ್ಪು ಬಂಡೆಗಳು ಕಾಣಿಸುತ್ತವೆ. ಸಾವಿರಾರು ವರ್ಷಗಳ ಹಿಂದೆ ಯಾರೋ ಕಲ್ಲಿನಿಂದ ಕುಟ್ಟಿ ಕುಟ್ಟಿ ಆದ ಕುಳಿಗಳು ಅವು. ಕುಟ್ಟಿದ್ದು ಚಿತ್ರಕ್ಕಲ್ಲ, ನಾದಕ್ಕೆ. ತಾವು ಕುಟ್ಟಬೇಡಿ, ಜೊತೆಗೆ ಬಂದ ಹುಡುಗ ಮೆಲ್ಲನೆ ಬಡಿದು ತೋರಿಸುತ್ತಾನೆ. ಕೆಲವು ಬಂಡೆಗಳು ಗುಡಿಯ ಗಂಟೆಯಂತೆಯೇ ಸದ್ದು ಮಾಡುತ್ತವೆ.